ಬೇರಿನ ಗಂಟಿಗೂ ಉಸಿರು ಬೇಕು

ಮೆಟ್ಟುಪಾಳ್ಯಂ ಕಡೆಯ ನಮ್ಮ ಒಕ್ಕಲು ಬಾಂಧವರು ಭವಾನಿ ಹೊಳೆಯ ಆಸರೆಯಲ್ಲಿ ಬಾಳೆ, ಅಡಿಕೆ ಬೆಳೆಯುವವರು. ಎಳೆಬಾಳೆಯ ಸಾಲುಗಳ ನಡುವೆ ಅಲಸಂದೆ, ಉದ್ದು ಹಾಕುವುದೂ ಉಂಟು. ಆ ಪೈರಿನ ಎಲೆ ಹಳದಿಯಾದರೆ ಕೂಡಲೇ ಯೂರಿಯಾ ಚೀಲದ ಬಾಯಿ ಬಿಚ್ಚುತ್ತೇವೆ. ಬಿಚ್ಚುವ ಮೊದಲು ಒಂದು ಗಿಡವನ್ನು ಅಗೆದು ಬೇರನ್ನು ನೋಡಿರೆಂದು ಹೇಳುವುದಕ್ಕಾಗಿ ಈ ಪಾಠ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಪೈರು ಅದನ್ನು ನೇರವಾಗಿ ಉಣ್ಣಲಾರದು. ಕಾರ್ಖಾನೆಯಲ್ಲಿ ಅದನ್ನು ಅಮೋನಿಯ ಮಾಡಲು ವಿಪರೀತ ಕಾವೂ ಒತ್ತಡವೂ ಬೇಕು. ದ್ವಿದಳ ಬೆಳೆಯ ಬೇರುಗಂಟಿನಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಅದೇ ಕೆಲಸವನ್ನು ಮಣ್ಣಿನ ತಂಪಿನಲ್ಲೇ ಮಾಡುತ್ತದೆ. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಎಂಬ ವಿಜ್ಞಾನಿ ಇದನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು.

ಇಲ್ಲೊಂದು ತೊಡಕುಂಟು. ಸಾರಜನಕವನ್ನು ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಗಲಿದರೆ ಅದು ಕೆಟ್ಟುಹೋಗುತ್ತದೆ. ಆದರೆ ಈ ದುಡಿಮೆಗೆ ಬಹಳ ಶಕ್ತಿ ಬೇಕು. ಶಕ್ತಿ ಬೇಕಾದರೆ ಗಿಡ ಕೊಟ್ಟ ಆಹಾರವನ್ನು ಆಮ್ಲಜನಕದಿಂದ ಉರಿಸಬೇಕು, ಎಂದರೆ ಉಸಿರಾಡಬೇಕು. ಹೆಚ್ಚಾದರೆ ಕಿಣ್ವಕ್ಕೆ ಕೇಡು, ಕಡಿಮೆಯಾದರೆ ಕೆಲಸವೇ ನಿಲ್ಲುವುದು.

ಗಿಡವು ಇದಕ್ಕೆ ಉಪಾಯ ಮಾಡಿದೆ. ಗಂಟಿನ ಹೊರಪದರ ಗಾಳಿಯನ್ನು ತಡೆತಡೆದು ಒಳಬಿಡುತ್ತದೆ. ಒಳಗೆ, ನಮ್ಮ ರಕ್ತದ ಕೆಂಪಿಗೆ ನಂಟಾದ ಲೆಗ್‌ಹೀಮೋಗ್ಲೋಬಿನ್ ಎಂಬ ವಸ್ತು ಆಮ್ಲಜನಕವನ್ನು ಹಿಡಿದುಕೊಂಡು ಸೂಕ್ಷ್ಮಜೀವಿಗೆ ಬೇಕಾದಷ್ಟನ್ನೇ ಬಡಿಸುತ್ತದೆ. ಮಣ್ಣಿನಲ್ಲಿ ಬಿಡಿಯಾಗಿ ಬಾಳುವ ಅಜೋಟೋಬ್ಯಾಕ್ಟರಿನದು ಬೇರೆ ದಾರಿ. ಅದು ಬಲು ಬಿರುಸಾಗಿ ಉಸಿರಾಡಿ, ಕಿಣ್ವವನ್ನು ಮುಟ್ಟುವ ಮೊದಲೇ ಆಮ್ಲಜನಕವನ್ನು ತೀರಿಸಿಬಿಡುತ್ತದೆ. ಇದಕ್ಕೆ ಆಹಾರ ಬಹಳ ಖರ್ಚು. ಆದುದರಿಂದಲೇ ಕೊಟ್ಟಿಗೆ ಗೊಬ್ಬರವಿಲ್ಲದ ಬಡಮಣ್ಣಿನಲ್ಲಿ ಅದು ಏಳಿಗೆಯಾಗದು.

ಒಂದು ಹಿಂಗಾರಿನಲ್ಲಿ ನಮ್ಮ ಅಲಸಂದೆಯ ತಗ್ಗಿನ ಭಾಗವಷ್ಟೇ ಹಳದಿಯಾಯಿತು. ದಿಬ್ಬದ ಗಿಡವನ್ನೂ ತಗ್ಗಿನ ಗಿಡವನ್ನೂ ಅಗೆದು ನೋಡಿದೆವು. ದಿಬ್ಬದ ಗಂಟುಗಳು ದಪ್ಪ, ಒಳಗೆ ಕೆಂಪು. ತಗ್ಗಿನವು ಸಣ್ಣ, ಒಳಗೆ ಬಿಳಿ. ನಿಂತ ನೀರು ಮಣ್ಣಿನ ಸಂದುಗಳನ್ನು ತುಂಬಿ ಗಾಳಿಗೆ ದಾರಿ ಕಟ್ಟಿತ್ತು. ಬಸಿಗಾಲುವೆ ತೋಡಿದೆವು. ಮುಂದೆ ಬಂದ ಚಿಗುರು ಹಸಿರಾಗಿತ್ತು. ಯೂರಿಯಾ ಸುರಿದಿದ್ದರೆ ಹಣವೂ ಹೋಗುತ್ತಿತ್ತು. ಸಾರಜನಕ ಧಾರಾಳವಾಗಿ ಸಿಕ್ಕ ಗಿಡ ಗಂಟು ಸಾಕುವುದನ್ನೂ ಬಿಡುತ್ತಿತ್ತು.

ನೀವೂ ಪರೀಕ್ಷಿಸಿರಿ. ಹೂ ಬಿಡುವ ಹೊತ್ತಿಗೆ ನಾಲ್ಕೈದು ಕಡೆ ಗಿಡವನ್ನು ಮಣ್ಣುಸಮೇತ ಅಗೆಯಿರಿ. ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಬೇರು ತೊಳೆದು ಗಂಟನ್ನು ಸೀಳಿರಿ.

ಒಳಗೆ ಕೆಂಪು ಇಲ್ಲವೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಆಗಲೂ ಎಲೆ ಹಳದಿಯಾಗಿದ್ದರೆ ರೋಗವೋ ಬೇರೆ ಪೋಷಕದ ಕೊರತೆಯೋ ವಿಚಾರಿಸಬೇಕು.

ಬಿಳಿ ಇದ್ದರೆ ಕೆಲಸ ತೊಡಗಿಲ್ಲ. ನೀರು ನಿಂತಿದೆಯೇ, ಮಣ್ಣು ಗಟ್ಟಿಯಾಗಿದೆಯೇ ನೋಡಿರಿ.

ಹಸಿರು ಇಲ್ಲವೆ ಕಂದು ಇದ್ದರೆ ಗಂಟು ಮುದಿಯಾಗಿದೆ. ಕಾಯಿ ಬಲಿತ ಮೇಲೆ ಇದು ಸಹಜ.

ಗಂಟೇ ಇಲ್ಲದಿದ್ದರೆ ಮುಂದಿನ ಬಿತ್ತನೆಗೆ ಆಯಾ ಬೆಳೆಗೆ ತಕ್ಕ ರೈಜೋಬಿಯಂ ಪುಡಿಯನ್ನು ಆರಿದ ಗಂಜಿಯಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತಿರಿ. ಬಿಸಿಲು ತಗಲಿದರೆ ಸೂಕ್ಷ್ಮಜೀವಿ ಸಾಯುತ್ತದೆ.

ಈ ಸಲ ಮಳೆ ನಿಂತ ಮೇಲೆ ಸನಿಕೆ ಹಿಡಿದು ತಗ್ಗಿನ ಕಡೆಗೆ ಮೊದಲು ಹೋಗಿರಿ. ಚೀಲದ ಬಾಯಿ ಬಿಚ್ಚುವ ಮಾತು ಆಮೇಲೆ.