ಮನೆಯಲ್ಲೇ ಕಟ್ಟಿದ ಗಿಟಾರು: ಮಚ್ಚೆ ಬಿದ್ದ ಬಣ್ಣ ಸರಿಪಡಿಸುವುದು ಹೇಗೆ?

ಗಿಟಾರಿನ ಮೈಗೆ ಸ್ಟೇನ್ ಹಚ್ಚಿದಿರಿ. ಒಣಗಿದ ಮೇಲೆ ನೋಡಿದರೆ ಒಂದು ಕಡೆ ಕಡುಗಂದು, ಅದರ ಪಕ್ಕದಲ್ಲೇ ಪೇಲವ ಹಳದಿ, ಅಂಚಿನಲ್ಲಿ ಕಪ್ಪು. ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಬಣ್ಣದ ಡಬ್ಬಿಯತ್ತ. ಇನ್ನೊಂದು ಕೈ ಹಚ್ಚಿದರೆ ಸರಿಹೋದೀತು ಎಂಬ ಆಸೆ. ಸರಿಹೋಗುವುದಿಲ್ಲ. ಕುಡಿಯುವ ಜಾಗ ಇನ್ನಷ್ಟು ಕುಡಿದು ಕಪ್ಪಾಗುತ್ತದೆ, ಕುಡಿಯದ ಜಾಗ ಹಾಗೇ ಬಿಳಚಿಕೊಂಡಿರುತ್ತದೆ. ಡಬ್ಬಿಯ ಮುಚ್ಚಳ ಹಾಕಿಬಿಡಿ.

ಮುನವಳ್ಳಿ, ಸವದತ್ತಿ, ರಾಮದುರ್ಗದ ಕಡೆ ಗಿಟಾರಿಗೆಂದೇ ಮರ ಹುಡುಕುವವರು ಕಡಿಮೆ. ಹಳೆ ಬಾಗಿಲಿನ ಸಾಗವಾನಿ, ಕಟ್ಟಿಗೆ ಅಡ್ಡೆಯ ಮಾವಿನ ಹಲಗೆ, ಇಲ್ಲವೇ ಆನ್‌ಲೈನಿನಲ್ಲಿ ತರಿಸಿದ ಕಿಟ್. ಮೂರೂ ಬಣ್ಣವನ್ನು ಬೇರೆಬೇರೆ ಥರ ಹಿಡಿಯುತ್ತವೆ. ಮಾವಿನ ಎಳೆ ಒಂದೇ ಹಲಗೆಯಲ್ಲಿ ಒಂದೊಂದು ದಿಕ್ಕಿಗೆ ತಿರುಗಿರುತ್ತದೆ, ಅದಕ್ಕೇ ಮಚ್ಚೆ ಜಾಸ್ತಿ. ಸಾಗವಾನಿಯಲ್ಲಿ ಎಣ್ಣೆಯಂಶ ಇದೆ. ಬಣ್ಣ ಹಚ್ಚುವ ಮುಂಚೆ ತಿನ್ನರ್ ಹಾಕಿ ಒರೆಸದಿದ್ದರೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ.

ಹಂತ 1: ಮಚ್ಚೆ ಯಾವುದರಿಂದ ಬಂತು, ಪತ್ತೆಹಚ್ಚಿ

ಬಿಸಿಲಿನಲ್ಲಿ ಹಿಡಿದು, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ. ಸ್ವಲ್ಪ ಬಣ್ಣ ಬಟ್ಟೆಗೆ ಬಂದರೆ ಬರಲಿ. ಮರ ಒದ್ದೆ ಇದ್ದಾಗ ದೋಷ ಎದ್ದು ಕಾಣುತ್ತದೆ.

ಜೋಡಣೆಯ ಗೆರೆಯ ಅಕ್ಕಪಕ್ಕ, ಬೆರಳಚ್ಚಿನ ಆಕಾರದಲ್ಲಿ ಬಿಳಚಿದ ಕಲೆಗಳಿದ್ದರೆ ಅದು ಫೆವಿಕಾಲ್. ಅಂಟು ಕುಡಿದ ಮರ ಬಣ್ಣ ಕುಡಿಯುವುದಿಲ್ಲ. ಮೋಡ ಹರಡಿದ ಹಾಗೆ ಗಡಿಯಿಲ್ಲದ ಕಪ್ಪು ಇದ್ದರೆ ಅದು ಮರದ ಎಳೆಯ ಗುಣ. ಎಳೆಗೆ ಅಡ್ಡವಾಗಿ ಸಣ್ಣ ಕಪ್ಪು ಗೀರುಗಳಿದ್ದರೆ ಉಜ್ಜಿದ್ದು ಸರಿಯಾಗಿಲ್ಲ. ಪಟ್ಟಿ ಪಟ್ಟಿಯಾಗಿ ಬಣ್ಣ ದಪ್ಪಗಾಗಿದ್ದರೆ ಬಿಸಿಲನ್ನು ಬೈಯಿರಿ: ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನದಲ್ಲಿ ನೀರಿನ ಸ್ಟೇನ್ ಹಚ್ಚಿದರೆ ಮೊದಲ ಸಾಲು ಒಣಗಿದ ಮೇಲೆ ಎರಡನೆಯದು ಬಂದು ಕೂರುತ್ತದೆ. ಇನ್ನು ಚುಕ್ಕೆ ಚುಕ್ಕೆ ಕಪ್ಪು. ಜಾಲಿ, ಸಾಗವಾನಿಯಂಥ ಒಗರು ಮರವನ್ನು ಸ್ಟೀಲ್ ವೂಲ್‌ನಿಂದ ಉಜ್ಜಿದಾಗ ಉಳಿದ ಕಬ್ಬಿಣದ ಪುಡಿ, ನೀರು ತಾಗಿದೊಡನೆ ಕಪ್ಪಾಗುತ್ತದೆ.

ಹಂತ 2: ಎಷ್ಟು ಉಜ್ಜಬಹುದು, ಮೊದಲೇ ತಿಳಿದುಕೊಳ್ಳಿ

ಇಡಿ ಮರದ ಎಲೆಕ್ಟ್ರಿಕ್ ಗಿಟಾರಾದರೆ ಧೈರ್ಯವಾಗಿ ಉಜ್ಜಿ. ಕಿಟ್ ಗಿಟಾರಿನ ಮೇಲ್ಮೈ ಹಲವು ಸಲ ಬರೀ ತೆಳು ವಿನಿಯರ್ ಆಗಿರುತ್ತದೆ. ಒಂದು ಮಿಲಿಮೀಟರಿಗಿಂತ ತೆಳು. ನಾಲ್ಕು ಸಲ ಜೋರಾಗಿ ಎಳೆದರೆ ಕೆಳಗಿನ ಪದರ ಕಾಣಿಸಿತು, ಅದಕ್ಕೆ ಮದ್ದಿಲ್ಲ. ಅಕೌಸ್ಟಿಕ್ ಗಿಟಾರಿನ ಮುಂಭಾಗವೂ ಅಷ್ಟೇ, ಸುಮಾರು ಮೂರು ಮಿಲಿಮೀಟರ್ ಹಲಗೆ. ತೆಳುವಾಗುತ್ತ ಹೋದರೆ ಕಸುವೂ ನಾದವೂ ಕೆಡುತ್ತವೆ. ಇಂಥವಕ್ಕೆ ಮೂರನೇ ಹಂತವನ್ನು ಕೈ ಹಗುರ ಮಾಡಿ ಮುಗಿಸಿ, ಬೇಗ ನಾಲ್ಕಕ್ಕೆ ಬನ್ನಿ.

ತಂತಿ, ಬ್ರಿಡ್ಜ್, ಪಿಕಪ್ ಎಲ್ಲ ಬಿಚ್ಚಿಡಿ. ಕುತ್ತಿಗೆ ಕೂರುವ ಕುಳಿಗೆ ಮತ್ತು ಫ್ರೆಟ್‌ಬೋರ್ಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಆ ಕುಳಿಯಲ್ಲಿ ಪಾಲಿಶ್ ಕಟ್ಟಿಕೊಂಡರೆ ಕುತ್ತಿಗೆಯ ಕೋನವೇ ಬದಲಾಗುತ್ತದೆ.

ಹಂತ 3: ಕೆರೆಯಿರಿ, ಆಮೇಲೆ ಉಜ್ಜಿ

ಅಂಟಿನ ಕಲೆಯ ಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಫೆವಿಕಾಲ್ ಮೆತ್ತಗಾಗುತ್ತದೆ. ಲೋಹದ ಪಟ್ಟಿಯಿಂದ ಕೆರೆದು ತೆಗೆಯಿರಿ, ಒಣಗಲು ಒಂದು ರಾತ್ರಿ ಬಿಡಿ. ಊರಿನ ಬಡಿಗರು ಒಡೆದ ಗಾಜಿನ ಅಂಚಿನಿಂದಲೂ ಕೆರೆಯುತ್ತಾರೆ. ಅದು ಪಳಗಿದ ಕೈಯ ಕೆಲಸ, ಹೊಸಬರು ಅನುಕರಿಸುವುದು ಬೇಡ.

ಆಮೇಲೆ ಪಾಲಿಶ್ ಪೇಪರ್: 120, 180, 220. ನಂಬರ್ ಹಾರಿಸಬೇಡಿ. ಪೇಪರನ್ನು ಸಪಾಟಾದ ಮರದ ತುಂಡಿಗೆ ಸುತ್ತಿ, ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಿ. ಸೊಂಟದ ತಿರುವಿನಲ್ಲಿ, ಎಳೆ ಅಡ್ಡ ಕೊಯ್ದಿರುವ ತುದಿಗಳಲ್ಲಿ 320ರವರೆಗೂ ಹೋಗಿ. ನುಣುಪಾದಷ್ಟೂ ಆ ತುದಿಗಳು ಬಣ್ಣ ಕುಡಿಯುವುದು ಕಡಿಮೆಯಾಗುತ್ತದೆ. ಬಣ್ಣ ಪೂರ್ತಿ ಹೋಗಬೇಕಿಲ್ಲ, ಮಚ್ಚೆಗೂ ಉಳಿದ ಮೈಗೂ ಇರುವ ಅಂತರ ಇಳಿದರೆ ಸಾಕು. ಮೇಲೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಹೊಡೆದಿದ್ದರೆ ಮಾತ್ರ ಅದನ್ನು ಪೂರ್ತಿ ತೆಗೆಯಲೇಬೇಕು.

ಹಂತ 4: ಅರಗಿನ ತೆಳು ನೀರು

ಇಡೀ ಕೆಲಸದ ಜೀವ ಇಲ್ಲಿದೆ. 100 ಮಿಲಿ ಸ್ಪಿರಿಟ್‌ಗೆ 10ರಿಂದ 12 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಬಿಡಿ, ಆಗಾಗ ಕುಲುಕಿ. ಬೆಳಿಗ್ಗೆ ತಳದಲ್ಲಿ ಮೇಣ ಕೂತಿರುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಕೊನೆಗೆ ಪಿಯು ಹೊಡೆಯುವ ಆಲೋಚನೆ ಇದ್ದರೆ ಮೇಣ ತೆಗೆದ ಅರಗನ್ನೇ ಕೇಳಿ ತನ್ನಿ, ಮೇಣದ ಮೇಲೆ ಪಿಯು ಹಿಡಿದು ನಿಲ್ಲುವುದಿಲ್ಲ. ಸ್ಪಿರಿಟ್ ವಿಷ, ಬೆಂಕಿಗೂ ಹತ್ತಿರದ ನೆಂಟ. ಅಡುಗೆಮನೆಯಲ್ಲಿ ಈ ಕೆಲಸ ಬೇಡ, ಪಡಸಾಲೆಯೋ ಅಂಗಳವೋ ಇರಲಿ.

ಈ ತಿಳಿಯನ್ನು ಇಡೀ ಮೈಗೆ ಒಂದೇ ಕೈ ಒರೆಸಿ. ಒಂದು ಗಂಟೆ ಬಿಟ್ಟು 320 ಪೇಪರಿನಿಂದ ಮೃದುವಾಗಿ ಸವರಿ. ಹೆಚ್ಚು ಕುಡಿಯುತ್ತಿದ್ದ ಜಾಗದ ಬಾಯಿ ಈಗ ಅರ್ಧ ಮುಚ್ಚಿದೆ.

ಹಂತ 5: ಬಣ್ಣ ಮರಕ್ಕಲ್ಲ, ಪಾಲಿಶ್‌ಗೆ

ಚನ್ನಪಟ್ಟಣದ ಬೊಂಬೆ ನೋಡಿ. ಬಣ್ಣ ಇರುವುದು ಅರಗಿನಲ್ಲಿ. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿದಾಗ ತಿಕ್ಕಾಟದ ಬಿಸಿಗೆ ಕರಗಿ ಮೇಲ್ಮೈಗೆ ಹತ್ತುತ್ತದೆ. ಬಣ್ಣ ಮರದೊಳಗೆ ಇಳಿಯುವುದೇ ಇಲ್ಲ, ಮಚ್ಚೆಯ ಮಾತೂ ಇಲ್ಲ. 2024ರಲ್ಲಿ ಭೌಗೋಳಿಕ ಗುರುತು ಪಡೆದ ಮಿರಜ್‌ನ ತಂಬೂರಿ, ಸಿತಾರಗಳ ಹೊಳಪಿಗೂ ಅರಗಿನ ಪಾಲಿಶ್‌ಗೂ ಹಳೆಯ ನಂಟು. ನಮ್ಮ ಪಕ್ಕದ ಊರಿನ ವಿದ್ಯೆ ಇದು, ಗಿಟಾರಿಗೆ ಯಾಕೆ ಬೇಡ?

ಉಳಿದ ಅರಗಿನ ತಿಳಿಗೆ ಸ್ಪಿರಿಟ್‌ನಲ್ಲಿ ಕರಗುವ ಬಣ್ಣದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸಿ. ಕೆಂಪು ಛಾಯೆ ಬೇಕಾದರೆ ಸಣ್ಣಗೆ ಸೋಸಿದ ಹುರಮಂಜೂ ನಡೆಯುತ್ತದೆ. ಮಣ್ಣಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ, ಆದರೆ ಕರಗುವುದೂ ಇಲ್ಲ. ಪ್ರತಿ ಸಲ ಕಲಕಿ ತೆಗೆದುಕೊಳ್ಳಬೇಕು, ಹೆಚ್ಚಾದರೆ ಮರದ ಎಳೆಯೇ ಮುಚ್ಚಿಹೋಗುತ್ತದೆ. ಮೊದಲು ಅದೇ ಮರದ ಉಳಿಕೆ ತುಂಡಿನ ಮೇಲೆ ಹಚ್ಚಿ ನೋಡಿ. ಬೇಕಾದ್ದಕ್ಕಿಂತ ತಿಳಿಯಾಗಿಯೇ ಇರಲಿ.

ಹತ್ತಿಯ ಉಂಡೆಯನ್ನು ಹಳೆ ಧೋತರದ ಬಟ್ಟೆಯಲ್ಲಿ ಕಟ್ಟಿ. (ಬೈಲಹೊಂಗಲದ ಸೀಮೆಯಲ್ಲಿ ಹತ್ತಿಗೆ ಬರವಿಲ್ಲ.) ಹನಿ ಬೀಳದಷ್ಟು ಮಾತ್ರ ಅದ್ದಿ, ಅಂಚಿನಿಂದ ಅಂಚಿಗೆ ನೇರವಾಗಿ ಎಳೆಯಿರಿ. ನಡುವೆ ನಿಲ್ಲಬೇಡಿ, ನಿಂತಲ್ಲಿ ಕೆಳಗಿನ ಪದರ ಕರಗಿ ಕಿತ್ತು ಬರುತ್ತದೆ. ಒಂದೊಂದು ಕೈಗೂ ಅರ್ಧ ಗಂಟೆ ಬಿಡುವು ಕೊಡಿ. ಬಿಳಚಿದ ಜಾಗ ಇನ್ನೂ ಉಳಿದಿದ್ದರೆ ಸಣ್ಣ ಕುಂಚದಿಂದ ಅಲ್ಲಿಗಷ್ಟೇ ಇದೇ ಬಣ್ಣ ತಾಗಿಸಿ, ಆಮೇಲೆ ಮತ್ತೆ ಇಡೀ ಮೈಗೆ ಒಂದು ಕೈ.

ಹಂತ 6: ಹಟ ಹಿಡಿದ ಮಚ್ಚೆಗೆ ಸನ್‌ಬರ್ಸ್ಟ್

ಅಂಚಿನ ಕಪ್ಪು ಹೋಗಲೇ ಇಲ್ಲವೇ? ಸುತ್ತಲೂ ಅಂಚನ್ನೇ ಕಡುಗಂದು ಮಾಡಿ, ನಡುವಿಗೆ ಬರುತ್ತ ತಿಳಿಗೊಳಿಸಿ. ಮಚ್ಚೆ ನಟ್ಟನಡುವೆ ಇದ್ದರೆ ಈ ಉಪಾಯ ಫಲಿಸುವುದಿಲ್ಲ. ಆಗ ಒಂದೇ ದಾರಿ, ಅಪಾರದರ್ಶಕ ಬಣ್ಣ.

ಹಂತ 7: ಮೇಲ್ಪದರ

ಬಣ್ಣವಿಲ್ಲದ ಅರಗಿನ ಪಾಲಿಶ್ ಐದಾರು ಕೈ ಸಾಕು. ಮಲಪ್ರಭೆ ತುಂಬಿ ಹರಿಯುವ ಮಳೆಗಾಲದಲ್ಲಿ ಹಚ್ಚಿದರೆ ಗಾಳಿಯ ತೇವ ಸಿಕ್ಕಿಕೊಂಡು ಬಿಳಿ ಮಸುಕು ಕಾಣಿಸೀತು. ಹೆದರಬೇಡಿ, ಒಣ ಬಿಸಿಲು ಬಿದ್ದ ದಿನ ಉಂಡೆಗೆ ಬರೀ ಸ್ಪಿರಿಟ್ ತೋರಿಸಿ ಹಗುರವಾಗಿ ಎಳೆದರೆ ಹೋಗುತ್ತದೆ. ಬೇಸಿಗೆಯಲ್ಲಾದರೆ ಬೆಳಗಿನ ಹೊತ್ತು ನೆರಳಲ್ಲಿ ಮಾಡಿ. ಇದೇ ಕ್ರಮ ಏಕತಾರಿಯ ದಂಡಿಗೂ, ಎಲ್ಲಮ್ಮನ ಗುಡ್ಡದ ಚೌಡಕಿಯ ಮರಕ್ಕೂ ಒಪ್ಪುತ್ತದೆ, ಚರ್ಮಕ್ಕೆ ಮಾತ್ರ ತಾಗಬಾರದು.

ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಒಳಗೆ ಗಟ್ಟಿಯಾಗಲು ಸಮಯ ಬೇಕು. ಒಂದು ವಾರವಾದರೂ ಬಿಟ್ಟು ತಂತಿ ಏರಿಸಿ, ಅಲ್ಲಿಯತನಕ ಬಟ್ಟೆಯ ಚೀಲಕ್ಕೆ ಹಾಕಬೇಡಿ, ಬಟ್ಟೆಯ ಅಚ್ಚು ಮೂಡುತ್ತದೆ. ಇನ್ನು ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಈ ಗಿಟಾರನ್ನು ಯಾವತ್ತೂ ಮುಟ್ಟಬೇಡಿ. ಅದರಲ್ಲಿರುವುದೂ ಆಲ್ಕೋಹಾಲೇ, ಅರಗು ಕರಗುತ್ತದೆ.