ಗದ್ದೆ ನೋಡಿ ಗಾಡಿ: ಹಳೇ ಸಣ್ಣ ಟ್ರ್ಯಾಕ್ಟರ್ ಕೊಳ್ಳುವವರಿಗೆ

ಉಪ್ಪುಂದ, ಬೈಂದೂರು ಸುತ್ತಿನಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಬಗ್ಗೆಯೇ ಇವೆ. ಆಯ್ದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಬೆಂಗಳೂರಿನ ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಮೂರು ಎಕರೆ ಜಾಗವಿದೆ. ಮುಕ್ಕಾಲು ಎಕರೆ ಬೈಲುಗದ್ದೆ, ಅರ್ಧ ಎಕರೆ ಬೆಟ್ಟುಗದ್ದೆ, ಉಳಿದದ್ದು ತೆಂಗು, ಅಡಿಕೆ ತೋಟ. ಎರಡು ಲಕ್ಷದೊಳಗೆ ಹಳೇ ಟ್ರ್ಯಾಕ್ಟರ್ ಕೊಳ್ಳುವ ಆಸೆ. ಪಕ್ಕದ ಮನೆಯವರು 35 ಎಚ್‌ಪಿಯದ್ದೇ ತಗೊಳ್ಳಿ, “ಹಳೇದಾರೂ ಗಟ್ಟಿ ಇತ್ತ್ ಕಾಣಿ” ಅನ್ನುತ್ತಾರೆ. ಅಣ್ಣನ ಮಗ ಮಿನಿ ಟ್ರ್ಯಾಕ್ಟರ್ ಸಾಕು ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಉಪ್ಪುಂದದ ಓದುಗರು

ಉತ್ತರ: ಅಣ್ಣನ ಮಗನ ಮಾತು ಕೇಳಿ. ಆದರೆ ಕಾರಣ ತಿಳಿದು ಕೇಳಿ.

ಟ್ರ್ಯಾಕ್ಟರ್ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಮಳೆಗಾಲದ ಉಳುಮೆ. ನಿಮ್ಮ ಮುಕ್ಕಾಲು ಎಕರೆ ಬೈಲಿನ ಕೆಸರುಳುಮೆ ವರ್ಷಕ್ಕೆ ಕೆಲವೇ ಗಂಟೆಗಳ ಕೆಲಸ. ಆ ಕೆಲವು ಗಂಟೆಗೆಂದು ದೊಡ್ಡ ಗಾಡಿ ಕಟ್ಟಿಕೊಂಡರೆ ಉಳಿದ ದಿನವೆಲ್ಲ ಅದು ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ಕೆಸರುಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಕರೆಸಿ. 2014ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಇರುವುದೇ ಇಂಥ ಕೆಲಸಕ್ಕೆ. ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಬಾಡಿಗೆ, ವಾರವಾರ ಬರುವ ಕೆಲಸಕ್ಕೆ ಸ್ವಂತ ಗಾಡಿ. ಈ ಒಂದು ಸೂತ್ರ ಹಿಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ನಿಮ್ಮಲ್ಲಿ ವಾರವಾರ ಬರುವ ಕೆಲಸ ಯಾವುದು? ಗೊಬ್ಬರ, ಸೊಪ್ಪು, ತೆಂಗಿನಕಾಯಿ ಸಾಗಿಸುವುದು, ತೋಟದ ಕಳೆ ತೆಗೆಯುವುದು, ಔಷಧಿ ಹೊಡೆಯುವುದು, ಸುಗ್ಗಿಯ ಹೊತ್ತಿಗೆ ಬೆಟ್ಟಿನಲ್ಲಿ ನೆಲಗಡಲೆಗೋ ಕಲ್ಲಂಗಡಿಗೋ ಮಣ್ಣು ಹದಮಾಡುವುದು. ಇವೆಲ್ಲ ಹಗುರ ಕೆಲಸ, ಆದರೆ ಇಕ್ಕಟ್ಟಿನ ಜಾಗದ ಕೆಲಸ. ಅಡಿಕೆ ಗಿಡಗಳ ನಡುವೆ ಸಾಮಾನ್ಯವಾಗಿ ಒಂಬತ್ತು ಅಡಿ ಅಂತರ. ಅದರಲ್ಲಿ ಬಸಿಗಾಲುವೆ, ನೀರಿನ ಪೈಪು, ನಡುವೆ ಹಾಕಿದ ಬಾಳೆ ಎಲ್ಲ ಕಳೆದರೆ ಗಾಡಿಗೆ ಉಳಿಯುವ ದಾರಿ ಬಹಳ ಕಿರಿದು. 35 ಎಚ್‌ಪಿ ಟ್ರ್ಯಾಕ್ಟರ್ ಅಲ್ಲಿ ತಿರುಗುವುದಿಲ್ಲ. ಸುಮಾರು ನಾಲ್ಕಡಿ ಅಗಲದ ಮಿನಿ ಟ್ರ್ಯಾಕ್ಟರ್ ಹೋಗುತ್ತದೆ. ತೆಂಗಿನ ತೋಟದಲ್ಲಿ 25 ಅಡಿ ಅಂತರವಿದ್ದರೆ ಯಾವ ಗಾಡಿಯೂ ಹೋದೀತು, ಆದರೆ ಮರದ ಬುಡದ ಸುತ್ತ ಎರಡು ಮೀಟರಿನೊಳಗೆ ಆಹಾರ ಹೀರುವ ಬೇರು ತುಂಬಿರುತ್ತದೆ. ದೊಡ್ಡ ರೋಟವೇಟರ್ ಅಲ್ಲಿ ಆಳಕ್ಕಿಳಿದರೆ ನಷ್ಟ ಮರಕ್ಕೆ.

ಇನ್ನು ತೂಕದ ಮಾತು. 35 ಎಚ್‌ಪಿ ಗಾಡಿ ಹೆಚ್ಚುಕಡಿಮೆ 1.8 ಟನ್ ತೂಗುತ್ತದೆ. ವರ್ಷವಿಡೀ ಒರತೆ ಇರುವ ಬೈಲಿನಲ್ಲಿ ಅದು ಹೂತರೆ ಎಳೆಯಲು ಇನ್ನೊಂದು ಗಾಡಿ ಬೇಕು. ಬೆಂಗಳೂರಿನ ವಿಎಸ್‌ಟಿ ಕಂಪನಿಯ ಮಿತ್ಸುಬಿಷಿ ಶಕ್ತಿ ಎಂಟಿ 180ಡಿ ಮುಕ್ಕಾಲು ಟನ್ನಿನ ಆಸುಪಾಸಿನದು. 18.5 ಎಚ್‌ಪಿ, ಮೂರು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಎಳೆತ ಇರುವುದನ್ನೇ ಆರಿಸಿ. ಈ ಕೊನೆಯ ಗುಣವನ್ನು ಕಡೆಗಣಿಸಬೇಡಿ. ಹಗುರ ಗಾಡಿಗೆ ಹಿಂದಿನ ಎರಡು ಚಕ್ರದ ಹಿಡಿತ ಮಾತ್ರ ಇದ್ದರೆ ಮಳೆಯಲ್ಲಿ ನೆಂದ ಮುರಕಲ್ಲಿನ ಏರಿನಲ್ಲೂ ಕಡಲಬದಿಯ ಮರಳುಮಣ್ಣಿನಲ್ಲೂ ಚಕ್ರ ನಿಂತಲ್ಲೇ ಸುತ್ತುತ್ತದೆ. ಮಹೀಂದ್ರ ಯುವರಾಜ್ 215, ಸ್ವರಾಜ್ 717 ಕೂಡ 15 ಎಚ್‌ಪಿಯ ಒಳ್ಳೆಯ ಗಾಡಿಗಳೇ. ಎರಡೂ ಒಂದೇ ಸಿಲಿಂಡರಿನವು, ರಿಪೇರಿ ಸುಲಭ. ಆದರೆ ಎಳೆತ ಹಿಂದಿನ ಚಕ್ರಕ್ಕೆ ಮಾತ್ರ. ನಿಮ್ಮ ತೋಟ ಸಮತಟ್ಟಾಗಿದ್ದರೆ ಸಾಕು, ಏರುತಗ್ಗು ಇದ್ದರೆ ಸಾಲದು.

ಆಯ್ಕೆಯ ಕ್ರಮ ಹೀಗಿರಲಿ. ಮೊದಲು ಆ ಗಾಡಿ ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಬೈಂದೂರಿನಲ್ಲೋ ಕುಂದಾಪುರದಲ್ಲೋ ಇದ್ದಾರೆಯೇ ನೋಡಿ. ಆಮೇಲೆ ಬಿಡಿಭಾಗ, ಆಮೇಲೆ ಅಗಲ, ಆಮೇಲೆ ಎಚ್‌ಪಿ. ಬೆಲೆ ಕೊನೆಗೆ.

ಪ್ರಶ್ನೆ: ನಮ್ಮ ಮಾವನವರ ಕಾಲದ ಎಚ್‌ಎಂಟಿ 2511 ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಏಳೆಂಟು ವರ್ಷದಿಂದ ನಿಂತಿದೆ. ಗುಜರಿಯವರು ಕೇಳುತ್ತಿದ್ದಾರೆ. ನನಗೆ ಕೊಡಲು ಮನಸ್ಸಿಲ್ಲ. ಮತ್ತೆ ಓಡಿಸಬಹುದೇ?
— ಗೃಹಿಣಿ, ಖಂಬದಕೋಣೆ

ಉತ್ತರ: ಓಡಿಸಬಹುದು. ಅದು ಸುಮ್ಮನೆ ಸಾಯುವ ಗಾಡಿಯಲ್ಲ. ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನ ಪಡೆದು ಎಚ್‌ಎಂಟಿಯವರು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿ ಶುರುಮಾಡಿದಾಗ ಬಂದ 25 ಎಚ್‌ಪಿ, ಎರಡು ಸಿಲಿಂಡರಿನ ಗಾಡಿ ಅದು. ಅದೇ ದಶಕದ ಇನ್ನೊಂದು ಗಟ್ಟಿಗ ಸ್ವರಾಜ್ 724. ದುರ್ಗಾಪುರದ ಸರ್ಕಾರಿ ಸಂಶೋಧನಾಲಯದಲ್ಲಿ ರೂಪುಗೊಂಡು 1974ರಲ್ಲಿ ಮಾರುಕಟ್ಟೆಗೆ ಬಂತು. 1959ರಲ್ಲಿ ಫರೀದಾಬಾದಿನಲ್ಲಿ ಮೊದಲ ಟ್ರ್ಯಾಕ್ಟರ್ ಹೊರತಂದ ಐಷರ್‌ನವರ ಹಳೇ ಒಂಟಿ ಸಿಲಿಂಡರ್ ಗಾಡಿಗಳಲ್ಲಿ ಗಾಳಿಯಿಂದಲೇ ಎಂಜಿನ್ ತಣಿಯುತ್ತಿತ್ತು, ರೇಡಿಯೇಟರಿನ ತಂಟೆಯೇ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಇಲ್ಲದ ಈ ತಲೆಮಾರಿನ ಗಾಡಿಗಳನ್ನು ಊರ ಮೆಕ್ಯಾನಿಕ್ ಪಾನಾ, ಸ್ಕ್ರೂಡ್ರೈವರ್ ಹಿಡಿದು ಸರಿಮಾಡಬಲ್ಲರು.

ಕಷ್ಟ ಇರುವುದು ಬಿಡಿಭಾಗದಲ್ಲಿ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಈಗ ಕಂಪನಿಯ ಮಾಲಿಗೆ ಕಾಯುವಂತಿಲ್ಲ, ಹೊರಗಿನ ತಯಾರಕರ ಮಾಲನ್ನೇ ನಂಬಬೇಕು. ಆದ್ದರಿಂದ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಐದು ವಸ್ತುಗಳ ಚೀಟಿ ಬರೆದು ಅಂಗಡಿಯವರಿಗೆ ಕೊಡಿ: ಪಿಸ್ಟನ್ ಮತ್ತು ರಿಂಗ್ ಸೆಟ್, ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಪಂಪ್, ವಾಟರ್ ಪಂಪ್, ನಾಝಲ್. ಐದಕ್ಕೂ ದರ ಮತ್ತು ಬರುವ ದಿನ ಹೇಳಿದರೆ ಕೈಹಾಕಿ. ಎರಡಕ್ಕೆ “ಹುಡುಕಬೇಕು” ಅಂದರೆ ಗಾಡಿ ನೆನಪಿಗೆ ಇರಲಿ, ದುಡಿಮೆಗೆ ಬೇರೆ ನೋಡಿ.

ಕೈಹಾಕುವುದಾದರೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವ ಆತುರ ಬೇಡ, ಇನ್ನೊಂದು ಗಾಡಿಯಿಂದ ಎಳೆಸುವುದಂತೂ ಬೇಡವೇ ಬೇಡ. ಇಷ್ಟು ವರ್ಷದ ತೇವಕ್ಕೆ ಪಿಸ್ಟನ್ ಹಿಡಿದುಕೊಂಡಿರಬಹುದು. ನಾಝಲ್ ಬಿಚ್ಚಿಸಿ ಸಿಲಿಂಡರಿಗೆ ಸ್ವಲ್ಪ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿಸಿ. ಕೆಲವು ದಿನ ಬಿಟ್ಟು ಕೈಯಿಂದ ನಿಧಾನ ತಿರುಗಿಸಿ ನೋಡಲಿ. ತಿರುಗಿತೆಂದರೆ ಹಳೇ ಆಯಿಲ್ ಇಳಿಸಿ, ಡೀಸೆಲ್ ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಪೈಪಿನ ಗಾಳಿ ತೆಗೆದ ಮೇಲೆ ಸ್ಟಾರ್ಟ್ ಮಾಡಿ.

ಪ್ರಶ್ನೆ: ಶಿಕಾರಿಪುರದ ಕಡೆ ಒಂದು 25 ಎಚ್‌ಪಿ ಗಾಡಿ ಇದೆಯೆಂದು ದಲ್ಲಾಳಿ ಹೇಳಿದ್ದಾನೆ. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?
— ಯುವ ಕೃಷಿಕ, ನಾವುಂದ

ಉತ್ತರ: ಹೊತ್ತು ಮೂಡುವಾಗಲೇ ಹೋಗಿ, ಬರುತ್ತೇವೆಂದು ಗಂಟೆ ಹೇಳಬೇಡಿ. ಬಾನೆಟ್ ಮೇಲೆ ಕೈ ಇಟ್ಟಾಗ ಎಂಜಿನ್ ತಣ್ಣಗಿರಬೇಕು. ಬಿಸಿಯಾಗಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿರುವಾಗಲೇ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಒಳಹೊಕ್ಕಿದೆ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ.

ಸ್ಟಾರ್ಟ್ ಮಾಡಿಸಿ ಹೊಗೆ ಗಮನಿಸಿ. ಮೊದಲ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಕಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗ್ ಅಥವಾ ಲೈನರ್ ಸವೆದಿದೆ. ಕಪ್ಪು ಹೊಗೆಗೆ ನಾಝಲ್ ಅಥವಾ ಏರ್ ಫಿಲ್ಟರ್ ಕಾರಣ, ಅದು ಕಡಿಮೆ ಖರ್ಚಿನದು. ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆಸಿ. ಅಲ್ಲಿಂದ ಹೊಗೆ ಬುಸುಬುಸು ಎಂದು ಬಂದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರವಾಗಿದೆ.

ರೋಟವೇಟರ್ ಕಟ್ಟಿಸಿ ಎತ್ತಿಸಿ, ಎಂಜಿನ್ ಬಂದ್ ಮಾಡಿಸಿ. ಕಾಲು ಗಂಟೆ ಎತ್ತಿದಲ್ಲೇ ನಿಂತರೆ ಹೈಡ್ರಾಲಿಕ್ ಚೆನ್ನಾಗಿದೆ. ಕಣ್ಣೆದುರೇ ಇಳಿಯುತ್ತ ಬಂದರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ರೋಟವೇಟರನ್ನು ತಿರುಗಿಸುವ ಹಿಂದಿನ ಪಿಟಿಒ ಶಾಫ್ಟಿನ ಹಲ್ಲು ಸವೆದಿದೆಯೇ ಬೆರಳಿಂದ ಮುಟ್ಟಿ ನೋಡಿ. ಎಲ್ಲ ಗೇರಿನಲ್ಲೂ ಓಡಿಸಿ, ಭಾರಕ್ಕೆ ಗೇರ್ ಹಾರಬಾರದು. ಗಂಟೆ ಮೀಟರನ್ನು ನಂಬಬೇಡಿ. ಪೆಡಲಿನ ರಬ್ಬರ್, ಸೀಟು, ಮುಂದಿನ ಆಕ್ಸಲಿನ ಬುಷ್ ಹೇಳುವ ಲೆಕ್ಕವೇ ನಿಜ. ಕೇಜ್ ವೀಲ್ ಕಟ್ಟಿ ಕೆಸರಿನಲ್ಲಿ ದುಡಿದ ಗಾಡಿಯಾದರೆ ಹಿಂದಿನ ಆಕ್ಸಲ್ ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೇ ನೋಡಿ.

ಬ್ರೇಕ್ ಯಾವ ಬಗೆಯದು ಎಂದೂ ಕೇಳಿ. ಒಣ ಬ್ರೇಕಿಗೆ ಕೆಸರುನೀರು ಹೊಕ್ಕರೆ ಹಿಡಿತ ತಪ್ಪುತ್ತದೆ. ನಮ್ಮ ಮಳೆಗೆ ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಮೇಲು.

ಕಾಗದಪತ್ರದಲ್ಲಿ ಆರ್‌ಸಿಯ ಚಾಸಿಸ್ ಮತ್ತು ಎಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಿರಬೇಕು. ಬ್ಯಾಂಕ್ ಸಾಲದ ನಮೂದು ಇದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಕೈಸೇರದೆ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವ ಬದಲಿಗೆ ಫಾರ್ಮ್ 29 ಮತ್ತು 30ಕ್ಕೆ ಸಹಿ ಅಲ್ಲೇ ಹಾಕಿಸಿಕೊಳ್ಳಿ. ಟ್ರೇಲರ್ ಜೊತೆಗಿದ್ದರೆ ಅದರ ಆರ್‌ಸಿ ಬೇರೆಯೇ ಇರುತ್ತದೆ, ಮರೆಯಬೇಡಿ.

ಪ್ರಶ್ನೆ: ನಮ್ಮ ಮನೆ ಮಡಿಕಲ್ ಕಡಲಿನ ಹತ್ತಿರ. ಇಲ್ಲೇ ಒಂದು ಮಿನಿ ಟ್ರ್ಯಾಕ್ಟರ್ ಕಡಿಮೆ ಬೆಲೆಗೆ ಸಿಗುತ್ತಿದೆ. ದೋಣಿ ಎಳೆಯಲು ಬಳಸಿದ್ದಂತೆ. ತಗೊಳ್ಳಬಹುದೇ?
— ಉಪ್ಪುಂದದ ಇನ್ನೊಬ್ಬ ಓದುಗರು

ಉತ್ತರ: ಉಪ್ಪುನೀರಿಗೆ ಇಳಿದ ಗಾಡಿ ಹೊರಗೆ ಬಣ್ಣ ಹೊಡೆದರೂ ಒಳಗೆ ತುಕ್ಕು ತಿನ್ನುತ್ತಲೇ ಇರುತ್ತದೆ. ಚಕ್ರದ ರಿಮ್ಮಿನ ಒಳಬದಿ, ಮಡ್‌ಗಾರ್ಡ್ ಬೋಲ್ಟು, ಸೀಟಿನ ಅಡಿ, ಸೆಲ್ಫಿನ ವಯರು ಇಷ್ಟನ್ನೂ ಕೆರೆದು ನೋಡಿ. ಹಿಂದಿನ ಆಕ್ಸಲ್ ಮತ್ತು ಮುಂದಿನ ಚಕ್ರದ ಗೇರಿನ ಆಯಿಲನ್ನು ಒಂದಿಷ್ಟು ಇಳಿಸಿ ನೋಡಿ. ಬಿಳಿಚಿದ್ದರೆ ಬೇಡ, ಬೆಲೆ ಎಷ್ಟೇ ಇರಲಿ. ಒಳ್ಳೆಯ ಗಾಡಿಯನ್ನೇ ತಂದರೂ ಕಡಲಗಾಳಿಯ ಊರಿನಲ್ಲಿ ಸಿಹಿನೀರಿನಿಂದ ತೊಳೆಯುವುದು, ಗ್ರೀಸ್ ನಿಪ್ಪಲಿಗೆ ತಪ್ಪದೆ ಗ್ರೀಸ್ ಹೊಡೆಯುವುದು ಎರಡನ್ನೂ ಬಿಡಬೇಡಿ.

ಪ್ರಶ್ನೆ: ಟ್ರ್ಯಾಕ್ಟರ್ ಬದಲು ಹಳೇ ಪವರ್ ಟಿಲ್ಲರ್ ಸಾಕಾಗದೇ?
— ಹಿರಿಯ ರೈತ, ಬಿಜೂರು

ಉತ್ತರ: ಗದ್ದೆಯೇ ಹೆಚ್ಚಿದ್ದು ತುಂಡುತುಂಡಾಗಿದ್ದರೆ ಸಾಕು. ವಿಎಸ್‌ಟಿಯ ಮಿತ್ಸುಬಿಷಿ ಟಿಲ್ಲರ್, ಕೇರಳ ಸರ್ಕಾರದ ಕ್ಯಾಮ್ಕೊ ಕಂಪನಿಯ 12 ಎಚ್‌ಪಿ ಟಿಲ್ಲರ್ ಎರಡೂ ಕರಾವಳಿಯ ಕೆಸರಿಗೆ ಹೊಂದಿದವು. ಆದರೆ ಟಿಲ್ಲರ್ ಹಿಂದೆ ಕೆಸರಿನಲ್ಲಿ ನಡೆಯಬೇಕು, ತಿರುವಿನಲ್ಲಿ ಹ್ಯಾಂಡಲ್ ಎಳೆದು ತಿರುಗಿಸಲು ತೋಳಿನಲ್ಲಿ ಬಲ ಬೇಕು. ಅರುವತ್ತು ದಾಟಿದವರಿಗೆ ಕೂತು ಓಡಿಸುವ ಗಾಡಿಯೇ ವಾಸಿ. ಅದರಲ್ಲೂ ಅಪಾಯ ಇಲ್ಲದಿಲ್ಲ. ಗದ್ದೆಯಂಚು ದಾಟುವಾಗ ಓರೆಯಾಗಿ ಹತ್ತದೆ ನೇರಕ್ಕೆ ದಾಟಿ, ಅಂಚು ಎತ್ತರವಾಗಿದ್ದರೆ ಹಿಂಬದಿಯಿಂದ ಹತ್ತಿಸಿ. ಮಡ್‌ಗಾರ್ಡಿನ ಮೇಲೆ ಮೊಮ್ಮಕ್ಕಳನ್ನು ಕೂರಿಸಬೇಡಿ. ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ಶಾಫ್ಟಿನ ಹತ್ತಿರ ಪಂಚೆ, ಲುಂಗಿ, ಸೆರಗು ಯಾವುದೂ ಸುಳಿಯಬಾರದು. ಅದರ ಮುಚ್ಚಳ ಕಳೆದುಹೋಗಿದ್ದರೆ ಮೊದಲ ಖರ್ಚು ಅದಕ್ಕೆ.

ಪ್ರಶ್ನೆ: ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದ್ದರೆ ಸ್ವಂತ ಗಾಡಿ ಲಾಭ?
— ನಿವೃತ್ತ ಶಿಕ್ಷಕರು, ಶಿರೂರು

ಉತ್ತರ: ಲೆಕ್ಕದ ದಾರಿ ತೋರಿಸುತ್ತೇನೆ, ಅಂಕಿ ಬದಲಿಸಿ ನಿಮ್ಮದನ್ನು ಹಾಕಿಕೊಳ್ಳಿ. ಗಾಡಿಗೆ ₹2 ಲಕ್ಷ ಎಂದಿಟ್ಟುಕೊಳ್ಳಿ. ಅದರ ಬಡ್ಡಿ ₹18,000, ರಿಪೇರಿ ಮತ್ತು ಟಯರಿಗೆ ತೆಗೆದಿಡುವುದು ₹20,000, ಬೆಲೆ ಇಳಿಕೆ ₹10,000, ವಿಮೆ ಇತ್ಯಾದಿ ₹5,000. ಗಾಡಿ ಓಡಲಿ ಬಿಡಲಿ, ವರ್ಷಕ್ಕೆ ₹53,000 ಖರ್ಚು. ಬಾಡಿಗೆ ಗಂಟೆಗೆ ₹1,000, ಸ್ವಂತದ್ದಕ್ಕೆ ಡೀಸೆಲ್ ₹300 ಎಂದಾದರೆ ಗಂಟೆಗೆ ಉಳಿಯುವುದು ₹700. ಅಂದರೆ ವರ್ಷಕ್ಕೆ ಸುಮಾರು 76 ಗಂಟೆ ಓಡಿದರೆ ಸರಿಗೆ ಸರಿ. ಒಂದೆರಡು ಎಕರೆ ಗದ್ದೆಯ ಉಳುಮೆಯಿಂದಲೇ ಅಷ್ಟು ಗಂಟೆ ತುಂಬುವುದಿಲ್ಲ, ತೋಟದ ಸಾಗಾಟವೂ ಸೇರಿದರೆ ತುಂಬುತ್ತದೆ.

ಸರ್ಕಾರದ ಸಹಾಯಧನ ಹೊಸ ಯಂತ್ರಕ್ಕೆ ಮಾತ್ರ, ಹಳೇದಕ್ಕೆ ಇಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಹೊಸ ಮಿನಿ ಟ್ರ್ಯಾಕ್ಟರಿಗೆ ನಿಮಗೆ ಎಷ್ಟು ಸಿಗುತ್ತದೆ ಎಂದು ಕೇಳಿ ಬನ್ನಿ. ಸಹಾಯಧನ ಕಳೆದ ಹೊಸದರ ಬೆಲೆಗೂ ರಿಪೇರಿ ಕೂಡಿಸಿದ ಹಳೇದರ ಬೆಲೆಗೂ ಹೆಚ್ಚು ಅಂತರ ಇಲ್ಲದಿದ್ದರೆ ಹಳೇದರ ಮೋಹ ಬಿಡಿ.