ಟ್ರ್ಯಾಕಿಗೆ ಗಾಡಿ ಒಯ್ಯುವ ಮೊದಲು

ಮನೆಯಲ್ಲಿ ಹದಿನಾರು ದಾಟಿದ ಮಕ್ಕಳಿದ್ದರೆ, ಅಮೆರಿಕಕ್ಕೆ ಬಂದ ಒಂದೆರಡು ವರ್ಷದಲ್ಲೇ ‘ಕಾರು ನಿಯಂತ್ರಣ ಶಾಲೆ’ಯ ಅರ್ಜಿಯೊಂದು ನಿಮ್ಮ ಕೈಗೆ ಬರಬಹುದು. ಒದ್ದೆ ನೆಲದ ಮೇಲೆ ಜೋರಾಗಿ ಬ್ರೇಕ್ ಒತ್ತುವುದು, ಜಾರಿದ ಗಾಡಿಯನ್ನು ಹಿಡಿತಕ್ಕೆ ತರುವುದು, ಕೋನ್‌ಗಳ ನಡುವೆ ಸ್ಟೇರಿಂಗ್ ತಿರುಗಿಸುವುದು, ಎಲ್ಲ ಒಂದೇ ದಿನದಲ್ಲಿ. ಬಿಎಂಡಬ್ಲ್ಯೂ ಕಾರ್ ಕ್ಲಬ್‌ನ ಪ್ರತಿಷ್ಠಾನ ನಡೆಸುವ ‘ಟೈರ್ ರ‍್ಯಾಕ್ ಸ್ಟ್ರೀಟ್ ಸರ್ವೈವಲ್’ ಈ ಬಗೆಯದು. ಮಕ್ಕಳು ದಿನಾ ಓಡಿಸುವ ಗಾಡಿಯಲ್ಲೇ ಕಲಿಯಲಿ ಎನ್ನುವುದು ಅದರ ಉದ್ದೇಶ, ಹಾಗಾಗಿ ಗಾಡಿ ನಿಮ್ಮದೇ. ದೊಡ್ಡವರಿಗೆ ಬೇರೆ ಆಸೆ. ಕ್ಯಾಲಿಫೋರ್ನಿಯದ ಲಗೂನಾ ಸೆಕಾ, ಆಸ್ಟಿನ್ನಿನ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಂಥ ರೇಸ್ ಅಂಗಳಗಳಲ್ಲಿ ‘ಎಚ್‌ಪಿಡಿಇ’ ಎಂಬ ವೇಗದ ಚಾಲನಾ ಶಿಬಿರಗಳು ನಡೆಯುತ್ತವೆ. ಪಕ್ಕದ ಸೀಟಿನಲ್ಲಿ ಬೋಧಕರನ್ನು ಕೂರಿಸಿಕೊಂಡು, ಸ್ವಂತ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಲಾಗದ ವೇಗದಲ್ಲಿ ಓಡಿಸಬಹುದು.

ನಮ್ಮ ಬೀದರ್ ಕಡೆಯವರು ಇದಕ್ಕೆ ಹೆಸರು ಕೊಡುವ ಮುಂಚೆ ಕೇಳುವ ಮಾತು ಒಂದೇ: “ರೇಸ್ ಅಲ್ಲಲ್ರೀ, ಕ್ಲಾಸ್ ಅದ. ನಮ್ಮ ಇನ್ಷೂರೆನ್ಸ್ ನಡೀತದಲ್ಲ?”

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಖಟಕ ಚಿಂಚೋಳಿಯ ಮನೆಯ ಅಲಮಾರಿಯಲ್ಲಿರುವ ಕೆಎ–39 ಗಾಡಿಯ ಪಾಲಿಸಿಯನ್ನು ತೆಗೆಸಿ ಫೋಟೊ ತರಿಸಿಕೊಳ್ಳಿ. ಗಾಡಿಯನ್ನು ಯಾವುದಕ್ಕೆ ಬಳಸಬಾರದು ಎಂಬ ಸಾಲಿನಲ್ಲಿ ಬಾಡಿಗೆ ಓಡಾಟ, ಸಂಘಟಿತ ರೇಸ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವೆಲ್ಲ ಇರುತ್ತವೆ. ಅದೇ ಹಾಳೆಯಲ್ಲಿ ಚಾಲಕರ ಬಗ್ಗೆ ಇನ್ನೊಂದು ಮಾತಿದೆ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮದಂತೆ ನಡೆದುಕೊಂಡರೆ, ಅಂದರೆ ಎಲ್ ಬೋರ್ಡ್ ಹಾಕಿ, ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ, ಲರ್ನರ್ ಲೈಸೆನ್ಸಿನವರೂ ಓಡಿಸಬಹುದು. ಭಾಲ್ಕಿ ರಸ್ತೆಯಲ್ಲಿ ಕಾಕಾನ ಗಾಡಿ ಹಿಡಿದು ಕಲಿತವರಿಗೆ ಕಲಿಕೆಗೆ ರಕ್ಷಣೆ ಉಂಟು, ರೇಸಿಗೆ ಇಲ್ಲ ಎಂಬ ಲೆಕ್ಕ ಹಾಗೆ ಮನಸ್ಸಿನಲ್ಲಿ ಕೂತಿದೆ. ಊರಿನ ಮಟ್ಟಿಗೆ ಅದು ಸರಿಯಾದ ಲೆಕ್ಕ. ಇಲ್ಲಿ ಅಮೆರಿಕದಲ್ಲೂ ಸಾರ್ವಜನಿಕ ರಸ್ತೆಯಲ್ಲಿ ಸಾಮಾನ್ಯ ಡ್ರೈವಿಂಗ್ ಪಾಠದ ಮಟ್ಟಿಗೆ, ಪರ್ಮಿಟ್ ಪಡೆದ ಮಗುವಿನ ಹೆಸರನ್ನು ಕಂಪನಿಗೆ ತಿಳಿಸಿದ್ದರೆ, ಹೆಚ್ಚು ಕಡಿಮೆ ಹಾಗೆಯೇ.

ಲೆಕ್ಕ ತಪ್ಪುವುದು ಟ್ರ್ಯಾಕಿನ ಗೇಟು ದಾಟಿದ ಮೇಲೆ. ಅಮೆರಿಕದ ಅನೇಕ ಕಂಪನಿಗಳು ‘ಇನ್ಷೂರೆನ್ಸ್ ಸರ್ವೀಸಸ್ ಆಫೀಸ್’ ಎಂಬ ಸಂಸ್ಥೆ ಬರೆದ ಮಾದರಿ ಪಾಲಿಸಿಯನ್ನು ಬಳಸುತ್ತವೆ. ಅದರ ಹಳೆಯ ಆವೃತ್ತಿಯಲ್ಲಿ, ರೇಸಿಗಾಗಿ ಕಟ್ಟಿದ ಸ್ಥಳದೊಳಗೆ ಇದ್ದು, ಮೊದಲೇ ಏರ್ಪಡಿಸಿದ ರೇಸ್ ಅಥವಾ ವೇಗದ ಸ್ಪರ್ಧೆಯಲ್ಲಿ ಭಾಗವಹಿಸಿದರೆ, ಇಲ್ಲವೆ ಅದಕ್ಕಾಗಿ ಅಭ್ಯಾಸ ಮಾಡಿದರೆ ಹಣವಿಲ್ಲ ಎಂದಿತ್ತು. ಆಗ ವಾದಕ್ಕೆ ಜಾಗವಿತ್ತು. ಶಿಬಿರಗಳಲ್ಲಿ ಸಮಯ ಅಳೆಯುವುದಿಲ್ಲ, ಮುಂದಿನ ಗಾಡಿಯವರು ಕೈ ತೋರಿಸದೆ ಹಿಂದಿಕ್ಕುವಂತಿಲ್ಲ, ಬಹುಮಾನವಿಲ್ಲ. ಇದರಲ್ಲಿ ಸ್ಪರ್ಧೆ ಎಲ್ಲಿದೆ ಎಂದು ಕೇಳಬಹುದಿತ್ತು. 2018ರ ಆವೃತ್ತಿ ಆ ಬಾಗಿಲನ್ನು ಮುಚ್ಚಿತು. ಚಾಲನಾ ಕೌಶಲದ ತರಬೇತಿ, ಚಾಲನಾ ಕೌಶಲದ ಕಾರ್ಯಕ್ರಮ ಎರಡೂ ರೇಸಿನ ಪಕ್ಕದಲ್ಲೇ ಹೊಸದಾಗಿ ಸೇರಿಕೊಂಡವು. ‘ಕ್ಲಾಸ್ ಅದ’ ಎಂದು ನೀವೇ ಹೇಳಿದರೆ ಕಂಪನಿಯ ಕೆಲಸವನ್ನು ನೀವೇ ಮಾಡಿಕೊಟ್ಟಂತೆ. ಇದು ಅನ್ವಯಿಸುವುದು ನಿಮ್ಮ ಗಾಡಿಯ ರಿಪೇರಿಗೆ ಮಾತ್ರವಲ್ಲ. ಇನ್ನೊಬ್ಬರಿಗೆ ಆದ ಹಾನಿಯ ಹೊಣೆ, ಗಾಯಗೊಂಡವರ ವೈದ್ಯಕೀಯ ಖರ್ಚು ಇರುವ ಭಾಗಗಳಲ್ಲೂ ಅದೇ ಹೊರಗಿಡುವಿಕೆ ಇದೆ. ನನ್ನ ದೃಷ್ಟಿಯಲ್ಲಿ ಹೆದರಬೇಕಾದದ್ದು ಇದಕ್ಕೇ. ಬಂಪರ್ ಹೋದರೆ ಇನ್ನೊಂದು ಕೊಳ್ಳಬಹುದು. ಪಕ್ಕದಲ್ಲಿ ಕೂತ ಬೋಧಕರ ಬೆನ್ನುಮೂಳೆಯ ಆಸ್ಪತ್ರೆ ಬಿಲ್ಲು ಈ ದೇಶದಲ್ಲಿ ಮನೆ ಮಾರಿಸಬಲ್ಲದು.

ಆದರೆ ಹೊಸ ಆವೃತ್ತಿಯಲ್ಲೂ ಉಳಿದಿರುವ ಆ ಸಾಲನ್ನು ಇನ್ನೊಮ್ಮೆ ಓದಿ: ‘ರೇಸಿಗಾಗಿ ಕಟ್ಟಿದ ಸ್ಥಳದೊಳಗೆ’. ಮಕ್ಕಳ ಶಾಲೆಯ ಪ್ರಶ್ನೆ ಪೂರ್ತಿ ನಿಂತಿರುವುದು ಈ ಮಾತಿನ ಮೇಲೆ. ಅದೇ ಬೋಧಕರು, ಅದೇ ಕೋನ್‌ಗಳು, ಗಂಟೆಗೆ ಮೂವತ್ತು ನಲವತ್ತು ಮೈಲಿಯ ಅದೇ ವೇಗ. ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ನಡೆದರೆ ಈ ಮಾದರಿಯ ಪಾಲಿಸಿ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ರೇಸ್ ಅಂಗಳದ ಬೇಲಿಯೊಳಗಿನ ಪಾರ್ಕಿಂಗಿನಲ್ಲಿ ನಡೆದರೆ ಕಂಪನಿಗೆ ‘ಇಲ್ಲ’ ಎನ್ನಲು ಕಾರಣ ಸಿಕ್ಕಿತು. ಹೀಗಾಗಿ ಅರ್ಜಿ ಬಂದಾಗ ಮೊದಲು ಶುಲ್ಕ ನೋಡಬೇಡಿ, ವಿಳಾಸ ನೋಡಿ. ಎಲ್ಲ ಕಂಪನಿಗಳೂ ಈ ಮಾದರಿಯನ್ನೇ ಇಟ್ಟುಕೊಂಡಿಲ್ಲ. ಕೆಲವರು ತಮ್ಮದೇ ಭಾಷೆ ಬರೆದಿದ್ದಾರೆ. ಸ್ಥಳ ಯಾವುದಾದರೂ ವೇಗದ ಚಾಲನೆ ಹೊರಗೆ ಎನ್ನುವವರಿದ್ದಾರೆ, ಇನ್ನೂ ಹಳೆಯ ಮಾತನ್ನೇ ಉಳಿಸಿಕೊಂಡವರಿದ್ದಾರೆ. ಸಹೋದ್ಯೋಗಿಗೆ ಹಣ ಸಿಕ್ಕಿತಂತೆ ಎಂಬ ಸುದ್ದಿ ನಿಮಗೆ ಉಪಯೋಗವಿಲ್ಲ. ನಿಮ್ಮ ಪಾಲಿಸಿಯ ‘ಎಕ್ಸ್‌ಕ್ಲೂಷನ್ಸ್’ ಪುಟ ತೆರೆಯಿರಿ.

ಓದಿದ ಮೇಲೆ ಏಜೆಂಟರಿಗೆ ಫೋನು ಮಾಡಬೇಡಿ, ಮೇಲ್ ಬರೆಯಿರಿ. ಕಾರ್ಯಕ್ರಮದ ಹೆಸರು, ದಿನ, ಸ್ಥಳದ ವಿಳಾಸ, ಸಮಯ ಅಳೆಯುತ್ತಾರೋ ಇಲ್ಲವೋ, ಓಡಿಸುವವರು ಯಾರು, ಇಷ್ಟನ್ನು ಬರೆದು, ಹೊಣೆ ಮತ್ತು ಗಾಡಿಯ ಹಾನಿ ಎರಡಕ್ಕೂ ರಕ್ಷಣೆ ಇದೆಯೇ ಎಂದು ಬೇರೆ ಬೇರೆಯಾಗಿ ಕೇಳಿ. ಫೋನಿನಲ್ಲಿ ಬಂದ “ಆಗುತ್ತೆ ಬಿಡಿ”ಗೆ ಕ್ಲೇಮ್ ದಿನ ಸಾಕ್ಷಿ ಇರುವುದಿಲ್ಲ.

ಇಲ್ಲ ಎಂದು ಉತ್ತರ ಬಂದರೆ ದಾರಿ ಮುಗಿಯಲಿಲ್ಲ. ಒಂದು ಕಾರ್ಯಕ್ರಮದ ಮಟ್ಟಿಗೆ ಕೊಳ್ಳುವ ಟ್ರ್ಯಾಕ್ ಡೇ ಇನ್ಷೂರೆನ್ಸ್ ಇದೆ. ಹ್ಯಾಗರ್ಟಿ, ಲಾಕ್‌ಟನ್‌ನಂಥವರು ಮಾರುತ್ತಾರೆ. ಗಾಡಿಯ ಬೆಲೆಯನ್ನು ಮೊದಲೇ ಒಪ್ಪಿ ಬರೆದು ಅದರ ಮೇಲೆ ಪ್ರೀಮಿಯಂ ಕಟ್ಟುತ್ತಾರೆ. ಡಿಡಕ್ಟಿಬಲ್ ಸಾಮಾನ್ಯವಾಗಿ ಆ ಬೆಲೆಯ ಶೇಕಡಾವಾರು ಇರುತ್ತದೆ. ಅದು ಶೇ 10 ಆದರೆ, 50,000 ಡಾಲರ್ ಗಾಡಿಗೆ ಮೊದಲ 5,000 ಡಾಲರ್ ನಿಮ್ಮ ಜೇಬಿನದು. ಇನ್ನೊಂದು ಮಾತು ಮಾರುವವರು ಮೆತ್ತಗೆ ಹೇಳುತ್ತಾರೆ: ಇಂಥ ಪಾಲಿಸಿ ಬಹುತೇಕ ನಿಮ್ಮ ಗಾಡಿಗೆ ಮಾತ್ರ, ಇನ್ನೊಬ್ಬರ ಗಾಡಿಗೋ ಮೈಗೋ ಆದದ್ದಕ್ಕೆ ಅಲ್ಲ. ಆಯೋಜಕರ ಇನ್ಷೂರೆನ್ಸ್ ಇರುತ್ತದೆಯಲ್ಲ ಎಂದರೆ, ಅದು ಮುಖ್ಯವಾಗಿ ಅವರ ಹೊಣೆಗೆ. ಬೆಳಿಗ್ಗೆ ಗೇಟಿನಲ್ಲಿ ಸಹಿ ಹಾಕಿಸಿಕೊಳ್ಳುವ ವೇವರ್ ಓದಿ ನೋಡಿ. ತಡೆಗೋಡೆ ಮುರಿದರೆ ಅದರ ಬಿಲ್ಲು ಚಾಲಕರಿಗೆ ಎಂದು ಬರೆದ ಅಂಗಳಗಳೂ ಇವೆ.

ಹೊಸದಾಗಿ ಬಂದವರ ಕೈಯಲ್ಲಿ ಮೊದಲ ತಿಂಗಳು ಬಾಡಿಗೆ ಗಾಡಿ, ಆಮೇಲೆ ಲೀಸ್ ಗಾಡಿ. ಎರಡನ್ನೂ ಟ್ರ್ಯಾಕಿಗೆ ಒಯ್ಯಲೇಬೇಡಿ. ಬಾಡಿಗೆ ಕರಾರುಗಳು ರೇಸ್, ಸ್ಪರ್ಧೆಗಳನ್ನು ನಿಷೇಧಿಸುತ್ತವೆ, ಚಾಲನಾ ತರಬೇತಿಯನ್ನೂ ಹೆಸರಿಸಿ ನಿಷೇಧಿಸುವವು ಇವೆ. ಕರಾರು ಮುರಿದರೆ ಕೌಂಟರಿನಲ್ಲಿ ಕೊಂಡ ರಕ್ಷಣೆಯೂ ಕ್ರೆಡಿಟ್ ಕಾರ್ಡಿನ ರಕ್ಷಣೆಯೂ ಒಟ್ಟಿಗೇ ಹೋಗುತ್ತವೆ. ಲೀಸ್ ಗಾಡಿ ಪುಡಿಯಾದರೂ ಕಂತು ನಿಲ್ಲುವುದಿಲ್ಲ.

ಯುರೋಪಿಗೆ ಹೋದ ನೆಂಟರಿದ್ದರೆ ಅವರಿಗೂ ಹೇಳಿ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಪ್ರವಾಸಿಗರು ಟೋಲ್ ಕೊಟ್ಟು ಓಡಿಸುವ ದಿನಗಳಲ್ಲಿ ಅದು ಸಾರ್ವಜನಿಕ ರಸ್ತೆಯ ನಿಯಮಕ್ಕೇ ಒಳಪಡುತ್ತದೆ. ಆದರೂ ಗಾಡಿಯ ಹಾನಿಗೆ ಹಣ ಕೊಡುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದ ಕಂಪನಿಗಳು ಅಲ್ಲಿವೆ.

ಟ್ರ್ಯಾಕಿನಲ್ಲಿ ಬಿದ್ದ ಗಾಡಿಯನ್ನು ಹೊರಗೆ ಎಳೆಸಿ, ರಸ್ತೆಯಲ್ಲಿ ಆಯಿತು ಎಂದು ಬರೆಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅದು ಇನ್ಷೂರೆನ್ಸ್ ವಂಚನೆ, ಅಪರಾಧ. ವೀಸಾ ಮೇಲೆ ಇರುವವರಿಗೆ ಆ ಒಂದು ಕೇಸು ಗಾಡಿಯ ಬೆಲೆಗಿಂತ ಎಷ್ಟೋ ದೊಡ್ಡದು.

ಇಷ್ಟೆಲ್ಲ ಬೇಡ, ಮಗಳು ಜಾರುವ ಗಾಡಿಯನ್ನು ಹಿಡಿಯುವುದು ಕಲಿತರೆ ಸಾಕು ಎನ್ನುವವರಿಗೆ ಶಾಲೆಯೇ ಗಾಡಿ ಕೊಡುವ ಕಡೆಗಳಿವೆ. ಸೌತ್ ಕ್ಯಾರೊಲಿನಾದಲ್ಲಿ ಬಿಎಂಡಬ್ಲ್ಯೂ ಕಾರ್ಖಾನೆಯ ಬಳಿಯ ತರಬೇತಿ ಕೇಂದ್ರ ಅಂಥದ್ದು. ಶುಲ್ಕ ಹೆಚ್ಚು, ತಲೆನೋವು ಕಡಿಮೆ. ಅಲ್ಲಿಯೂ ಸಹಿ ಹಾಕುವ ಮೊದಲು ಒಂದು ಸಾಲು ಹುಡುಕಿ: ಗಾಡಿಗೆ ಹಾನಿಯಾದರೆ ವಿದ್ಯಾರ್ಥಿ ಕೊಡಬೇಕಾದ ಗರಿಷ್ಠ ಮೊತ್ತ ಎಷ್ಟು ಎಂಬುದು.